ಹಂಪಿ ಅವರಿಗೆ, ಹಂಪ್ಸ್ ನಮಗೆ

2021ರಲ್ಲಿ ಬಳ್ಳಾರಿ ಜಿಲ್ಲೆಯನ್ನು ಒಡೆದು ವಿಜಯನಗರ ಜಿಲ್ಲೆ ಮಾಡಿದರಲ್ಲ, ಅವತ್ತು ಅಣ್ಣತಮ್ಮಂದಿರ ಮನೆ ಪಾಲಾದ ಹಾಗೆಯೇ ಆಯಿತು. ಹಂಪಿ ಅವರಿಗೆ ಹೋಯಿತು. ತುಂಗಭದ್ರೆಯ ಅಣೆಕಟ್ಟೂ ಅವರ ಕಡೆಗೇ ಹೋಯಿತು. ಬಳ್ಳಾರಿಯವರಾದ ನಮಗೆ ಕೋಟೆ, ಬಿಸಿಲು ಮತ್ತು ಹಂಪ್ಸ್ ಉಳಿದವು.

ಬಿಸಿಲು ಪುಕ್ಕಟೆ. ಹಂಪ್ಸ್‌ಗೆ ಮಾತ್ರ ನಾವು ಕಂತಿನಲ್ಲಿ ದುಡ್ಡು ಕಟ್ಟುತ್ತೇವೆ, ಗಾಡಿಯ ಕುಣಿತ ತಡೆಯುವ ಶಾಕಬ್ಸರ್ ಅಂಗಡಿಯಲ್ಲಿ. ಹೊರಗಿನವರು ನಮ್ಮ ರಸ್ತೆ ಸರಿಯಿಲ್ಲ ಎನ್ನುತ್ತಾರೆ. ಅದು ಅನ್ಯಾಯ. ಒಂದು ಕಡೆ ಗುಂಡಿ, ಅಂದರೆ ರಸ್ತೆ ಕಡಿಮೆ. ಹತ್ತು ಹೆಜ್ಜೆ ಆಚೆ ಹಂಪ್ಸ್, ಅಂದರೆ ರಸ್ತೆ ಜಾಸ್ತಿ. ಎರಡನ್ನೂ ಕೂಡಿಸಿ ಸರಾಸರಿ ತೆಗೆದರೆ ನಮ್ಮದು ಸಮತಟ್ಟಾದ ರಸ್ತೆಯೇ. ಸರಾಸರಿಯ ಮೇಲೆ ಗಾಡಿ ಓಡಿಸಲು ಬರುವುದಿಲ್ಲ ಎಂಬುದು ಗಾಡಿಯವರ ತಪ್ಪು.

ಇಂಥ ಊರಿಗೆ ನಮ್ಮ ಅಕ್ಕನ ಮಗ ಫೋರ್ಡ್ ಕಂಪನಿಯ ಮಸ್ಟ್ಯಾಂಗ್ ಕಾರು ತಂದ.

ಅವನದು ಜೀನ್ಸ್ ಹೊಲಿಸುವ ವ್ಯಾಪಾರ. ಎರಡು ವರ್ಷ ಚೆನ್ನಾಗಿ ನಡೆಯಿತು. ದುಡ್ಡು ಬಂದಾಗ ಸೈಟು ತೆಗೆದುಕೋ ಎಂದು ಮನೆಯವರೆಲ್ಲ ಹೇಳಿದೆವು. ಅವನು ಬೆಂಗಳೂರಿಗೆ ಹೋಗಿ ಕೆಂಪು ಬಣ್ಣದ ಸೆಕೆಂಡ್ ಹ್ಯಾಂಡ್ ಮಸ್ಟ್ಯಾಂಗ್ ಹಿಡಿದುಕೊಂಡು ಬಂದ. ಐದು ಲೀಟರಿನ ಇಂಜಿನ್. ಎಂಟು ಸಿಲಿಂಡರ್. ಹತ್ತಿರ ಹತ್ತಿರ 400 ಕುದುರೆಯ ಬಲ. ಅಕ್ಕ ಆರತಿ ಎತ್ತಿ, ಸುತ್ತ ಒಂದು ಸಲ ಬಂದು, "ಎರಡೇ ಬಾಗಿಲಿಗೆ ಇಷ್ಟು ರೊಕ್ಕಾನ? ನಾಲ್ಕು ಬಾಗಿಲಿಂದು ಸಿಗಲಿಲ್ಲೇನೋ?" ಎಂದಳು.

ಮಸ್ಟ್ಯಾಂಗ್ ಎಂದರೆ ಅಮೆರಿಕದ ಬಯಲಿನಲ್ಲಿ ಹೇಳುವವರು ಕೇಳುವವರಿಲ್ಲದೆ ಓಡುವ ಕುದುರೆ. ಹೊರದೇಶದ ಕುದುರೆ ನಮ್ಮ ಸೀಮೆಗೆ ಹೊಸದೇನಲ್ಲ ಬಿಡಿ. ವಿಜಯನಗರದ ಅರಸರು ಸಮುದ್ರದ ಆಚೆಯಿಂದ ಕುದುರೆ ತರಿಸುತ್ತಿದ್ದರು. ನೂನಿಜ್ ಎಂಬ ಪೋರ್ಚುಗೀಸ್ ವ್ಯಾಪಾರಿ ಒಂದು ಸಂಗತಿ ಬರೆದಿಟ್ಟಿದ್ದಾನೆ. ಸಾಳುವ ನರಸಿಂಹನಿಗೆ ಕುದುರೆಯ ಹುಚ್ಚು ಎಷ್ಟಿತ್ತೆಂದರೆ, ಹಡಗಿನಲ್ಲಿ ಸತ್ತ ಕುದುರೆಗೂ ದುಡ್ಡು ಕೊಡುತ್ತಿದ್ದನಂತೆ. ವ್ಯಾಪಾರಿ ಅದರ ಬಾಲ ತಂದು ತೋರಿಸಿದರೆ ಸಾಕು. ಈ ಬಾಲದ ವಿಷಯಕ್ಕೆ ಮತ್ತೆ ಬರುತ್ತೇನೆ.

ನಮ್ಮ ಕುದುರೆ ಆರು ತಿಂಗಳಲ್ಲಿ ಕುಂಟಿತು. ಮೊದಲು ಮುಂದಿನ ಎಡಗಾಲಲ್ಲಿ ಟಕ್ ಟಕ್ ಸದ್ದು. ಆಮೇಲೆ ಗುಂಡಿ ದಾಟಿದ ಮೇಲೂ ಮೂರು ಸಲ ಕುಣಿಯುವುದು. ಬಗ್ಗಿ ನೋಡಿದರೆ ಶಾಕಬ್ಸರ್ ಮೈತುಂಬ ಎಣ್ಣೆ, ಅದರ ಮೇಲೆ ನಮ್ಮೂರಿನ ಕೆಂಪು ಧೂಳು ಮೆತ್ತಿಕೊಂಡು ಹೋಳಿಗೆ ಹೂರಣದಂತೆ ಆಗಿತ್ತು.

ಇಲ್ಲಿ ಸ್ವಲ್ಪ ಲೆಕ್ಕ ಹೇಳಬೇಕು. ಹಂಪ್ಸ್ ಹೇಗಿರಬೇಕು ಎಂದು ರಸ್ತೆಗಳ ಅಳತೆ ಗೊತ್ತುಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಎಂಬ ಸಂಸ್ಥೆ 1988ರಲ್ಲೇ ಬರೆದಿಟ್ಟಿದೆ. ಎತ್ತರ 10 ಸೆಂಟಿಮೀಟರ್. ಅಗಲ 3.7 ಮೀಟರ್. ಆ ಅಗಲದಲ್ಲಿ ಏರಿ ಇಳಿದರೆ ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಹೊಟ್ಟೆಯ ನೀರು ಅಲುಗದೆ ದಾಟಬಹುದು. ಮಸ್ಟ್ಯಾಂಗ್‌ನ ಹೊಟ್ಟೆಗೂ ನೆಲಕ್ಕೂ ನಡುವೆ ಇರುವುದು 13.7 ಸೆಂಟಿಮೀಟರ್. ಪುಸ್ತಕದ ಪ್ರಕಾರ ಕಟ್ಟಿದರೆ ಕಾರು ಪಾರು. ಆದರೆ ನಮ್ಮ ಓಣಿಯ ಹಂಪ್ಸ್ ಕಟ್ಟಿದವರು ಪುಸ್ತಕ ಅಡ್ಡ ಹಿಡಿದು ಓದಿರಬೇಕು. ಅಗಲ ಒಂದು ಅಡಿ. ಎತ್ತರ ಅಳೆಯಲು ಹೋದರೆ ಟೇಪು ನಾಚಿಕೊಳ್ಳುತ್ತದೆ. ಬಿಳಿ ಪಟ್ಟೆ ಇಲ್ಲ, ಬೋರ್ಡ್ ಇಲ್ಲ. ರಾತ್ರಿ ಅದು ಇದೆ ಎಂದು ಗೊತ್ತಾಗುವುದು ನಾಲಿಗೆ ಕಚ್ಚಿಕೊಂಡಾಗ.

ಅಳಿಯ ರಾತ್ರಿ ಹೊತ್ತು ಮೊಬೈಲ್ ಹಿಡಿದು ಹೊಸ ಶಾಕಬ್ಸರ್ ಹುಡುಕಲು ಕುಳಿತ. ಹೆಣ್ಣು ನೋಡುವಾಗಲೂ ಇಷ್ಟು ಯೋಚಿಸಿರಲಿಲ್ಲ. ಜರ್ಮನಿಯ ಬಿಲ್‌ಸ್ಟೈನ್ ನೋಡಿದ. ನೆದರ್‌ಲ್ಯಾಂಡ್ಸ್‌ನ ಕೋನಿ ನೋಡಿದ. ಜಪಾನಿನ ಕೆವೈಬಿ ನೋಡಿದ. ಎಲ್ಲ ಕಡೆ ಕೊನೆಗೆ ಒಂದೇ ಪ್ರಶ್ನೆ ಬರುತ್ತಿತ್ತು: ನಿಮ್ಮ ಕಾರು ಎಲ್ಲಿ ಓಡುತ್ತದೆ, ಸ್ಟ್ರೀಟಾ, ಟ್ರ್ಯಾಕಾ?

"ಸ್ಟ್ರೀಟ್ ಅಂತ ಹಾಕ್ಲಾ ಮಾಮಾ?"

ಹಾಕು ಎಂದೆ. ಹಾಕಿದ ಮೇಲೆ ಯೋಚನೆ ಬಂತು. ಸ್ಟ್ರೀಟ್ ಎಂದರೆ ಬೀದಿ, ಸರಿ. ಆದರೆ ಯಾರ ಬೀದಿ? ಆ ಜರ್ಮನ್ ಇಂಜಿನಿಯರ್ ಬೀದಿ ಎಂದಾಗ ಅವನ ಕಣ್ಣ ಮುಂದೆ ಬರುವುದೇ ಬೇರೆ. ಅಲ್ಲಿ ಬೀದಿಗೂ ರೇಸಿನ ಟ್ರ್ಯಾಕಿಗೂ ವೇಗದಲ್ಲಿ ಮಾತ್ರ ವ್ಯತ್ಯಾಸ. ನಮ್ಮ ಕೌಲ್ ಬಜಾರ್ ಕಡೆಯ ಒಂದು ಗಲ್ಲಿಯಲ್ಲಿ ಮಳೆ ಬಂದ ಮಾರನೇ ದಿನ ಅವನನ್ನು ಕೂರಿಸಿಕೊಂಡು ಒಂದು ಸುತ್ತು ಹಾಕಿದರೆ, ಆ ಪಟ್ಟಿಗೆ ಮೂರನೆಯದೊಂದು ಸೇರಿಸುತ್ತಾನೆ: ಸ್ಟ್ರೀಟ್, ಟ್ರ್ಯಾಕ್, ಶಿವನೇ ಗತಿ.

ಅಷ್ಟರಲ್ಲಿ ಅಳಿಯನಿಗೆ ಇನ್ನೊಂದು ಹುಚ್ಚು ಹತ್ತಿತ್ತು. ಹೇಗೂ ಬಿಚ್ಚುತ್ತೇವೆ, ಗಿಡ್ಡ ಸ್ಪ್ರಿಂಗ್ ಹಾಕಿ ಕಾರನ್ನು ಒಂದು ಇಂಚು ತಗ್ಗಿಸೋಣ, ನೋಡಲು ಖದರ್ ಬರುತ್ತದೆ ಎಂದ. 13.7ರಲ್ಲಿ ಎರಡೂವರೆ ಕಳೆದರೆ ಎಷ್ಟು ಉಳಿಯುತ್ತದೆ ಎಂದು ಕೇಳಿದೆ. ಬಿಕಾಂ ಓದಿದ ಹುಡುಗ, ಲೆಕ್ಕ ಮಾಡಿದ. ಆದರೂ ಬಿಡಲಿಲ್ಲ. ಕೊನೆಗೆ ಮೇಸ್ತ್ರಿಯೇ ಬಿಡಿಸಬೇಕಾಯಿತು.

ಈ ಮೇಸ್ತ್ರಿ ಜೀವನವೆಲ್ಲ ಅದಿರು ಲಾರಿಗಳ ಕಮಾನು ಪಟ್ಟಿ ಕಟ್ಟಿದವರು. ಗಣಿ ಜೋರಾಗಿದ್ದ ಕಾಲದಲ್ಲಿ ಅವರ ಶೆಡ್ಡಿನ ಮುಂದೆ ಲಾರಿಗಳ ಸಾಲು. ಅಚ್ಚಿನ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಬೀಳುವ ಪೆಟ್ಟು ಸುಮಾರು ಹದಿನಾರು ಪಟ್ಟಾಗುತ್ತದೆ ಎಂಬುದು ಇಂಜಿನಿಯರುಗಳ ಲೆಕ್ಕ. ಮೇಸ್ತ್ರಿಗೆ ಅದು ಲೆಕ್ಕವಲ್ಲ, ಹೊಟ್ಟೆಪಾಡು. ರಸ್ತೆ ಹಾಳಾಗಲು ಅದಿರು ಲಾರಿಯೇ ಕಾರಣ ಎಂದು ಆಗ ಎಲ್ಲರೂ ಹೇಳುತ್ತಿದ್ದರು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಲಾರಿ ನಿಂತವು. ಗುಂಡಿಗೆ ಮಾತ್ರ ಕೋರ್ಟಿನ ಆದೇಶ ತಲುಪಿರಲಿಲ್ಲ ಅನಿಸುತ್ತದೆ.

ಮೇಸ್ತ್ರಿ ಕಾರಿನ ಮೂತಿಯ ಮೇಲೆ ಎರಡೂ ಕೈ ಇಟ್ಟು ಒತ್ತಿ ಬಿಟ್ಟರು. ಅದು ತಲೆಯಾಡಿಸುತ್ತಲೇ ಇತ್ತು.

"ನೋಡ್ರಿ ಸಾವ್ಕಾರ್ರೇ, ಭಾರ ಹೊರೋದು ಸ್ಪ್ರಿಂಗು. ಶಾಕಬ್ಸರ್ ಭಾರ ಹೊರಂಗಿಲ್ಲ. ಕುಣಿಯೋ ಸ್ಪ್ರಿಂಗಿನ ಕೈ ಹಿಡಿದು ಸುಮ್ಕೆ ಕೂರ್ಸೋದು ಅದರ ಕೆಲಸ. ಒಳಗ ಎಣ್ಣೆ ಐತಿ. ಎಣ್ಣೆ ಸಣ್ಣ ತೂತಿನಾಗ ನುಗ್ಗಬೇಕು. ಹಂಗ ನುಗ್ಗಿ ನುಗ್ಗಿ ಕುಣಿತ ಎಲ್ಲ ಬಿಸಿ ಆಗಿ ಹೋಗ್ತೈತಿ."

ಬಿಸಿ ಎಂದ ಕೂಡಲೇ ನನಗೆ ಅರ್ಥವಾಯಿತು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರು. ಕೆಳಗೆ ಡಾಂಬರಿನ ಕಾವು, ಒಳಗೆ ಎಣ್ಣೆಯ ಕಾವು. ಎಣ್ಣೆ ತೆಳ್ಳಗಾದರೆ ಹಿಡಿತ ಸಡಿಲ. ಮೇಲಿಂದ ಮೇಲೆ ಗುಂಡಿ ಬಂದರೆ ಒಳಗಿನ ಎಣ್ಣೆ ಮಜ್ಜಿಗೆ ಕಡೆದಂತೆ ನೊರೆಯಾಗುತ್ತದೆ. ಅದಕ್ಕೇ ನೈಟ್ರೋಜನ್ ಗ್ಯಾಸ್ ತುಂಬಿ ಒತ್ತಡ ಕೊಡುತ್ತಾರೆ. ಒಂದೇ ಕೊಳವೆಯ ಶಾಕಬ್ಸರ್ ಆದರೆ ಕಾವು ನೇರವಾಗಿ ಗಾಳಿಗೆ ಹೋಗುತ್ತದೆ. ಗಾಳಿಯೇ ಬಿಸಿ ಇದ್ದರೆ ಏನು ಮಾಡಬೇಕು ಎಂದು ಜರ್ಮನರು ಬರೆದಿಲ್ಲ.

ಹಾಗಾದರೆ ತುಂಬ ಬಿಗಿಯಾದದ್ದು ಹಾಕಿಸಿದರೆ ಹೇಗೆ ಎಂದ ಅಳಿಯ. ಸ್ಪೋರ್ಟ್ಸ್ ಕಾರಲ್ವಾ.

ಮೇಸ್ತ್ರಿ ನಕ್ಕರು. ಒತ್ತುವಾಗ ಬಿಗಿ ಇದ್ದರೆ ಚೂಪು ಗುಂಡಿಯಲ್ಲಿ ಗಾಲಿ ಮೇಲೇಳಲು ಪುರುಸೊತ್ತೇ ಸಿಗುವುದಿಲ್ಲ, ಪೆಟ್ಟು ನೇರ ಬೆನ್ನಿಗೆ. ವಾಪಸ್ ಬರುವಾಗ ಬಿಗಿ ಜಾಸ್ತಿಯಾದರೆ ಇನ್ನೂ ಮಜಾ. ಮೊದಲ ಹಂಪ್ಸ್‌ನಲ್ಲಿ ಸ್ಪ್ರಿಂಗ್ ಕುಗ್ಗುತ್ತದೆ. ಅದು ಪೂರ್ತಿ ಬಿಚ್ಚಿಕೊಳ್ಳುವ ಮೊದಲೇ ಎರಡನೆಯದು. ಮತ್ತಷ್ಟು ಕುಗ್ಗುತ್ತದೆ. ಆಮೇಲೆ ಮೂರನೆಯದು. ಕಾರು ಮೇಲೇಳುವುದನ್ನೇ ಮರೆತು ಕುಗ್ಗುತ್ತಾ ಕುಗ್ಗುತ್ತಾ ಹೋಗುತ್ತದೆ. ಇದನ್ನು ಕೇಳುವಾಗ ನನಗೆ ಕಾರಿಗಿಂತ ನಮ್ಮ ಓಣಿಯ ಜನ ನೆನಪಾದರು. ಒಂದು ಅರ್ಜಿಯ ಪೆಟ್ಟಿನಿಂದ ಸುಧಾರಿಸಿಕೊಳ್ಳುವಷ್ಟರಲ್ಲಿ ಇನ್ನೊಂದು ಫಾರಂ.

ತಗ್ಗಿಸುವ ವಿಚಾರವೂ ಅಲ್ಲೇ ಮುಗಿಯಿತು. ಗಿಡ್ಡ ಸ್ಪ್ರಿಂಗ್ ಎಂದರೆ ಶಾಕಬ್ಸರ್ ಓಡಾಡುವ ಜಾಗವೂ ಗಿಡ್ಡ. ಪ್ರತಿ ಗುಂಡಿಗೂ ತಳದ ರಬ್ಬರಿಗೆ ಗುದ್ದುತ್ತದೆ. ಅಷ್ಟೇ ಅಲ್ಲ, ಆರ್‌ಸಿಯಲ್ಲಿ, ಅಂದರೆ ಗಾಡಿಯ ನೋಂದಣಿ ಪತ್ರದಲ್ಲಿ ಇರುವ ವಿವರಕ್ಕೂ ಕಂಪನಿ ಕೊಟ್ಟ ವಿವರಕ್ಕೂ ವ್ಯತ್ಯಾಸ ಬರುವಂತೆ ಗಾಡಿ ಬದಲಾಯಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಒಳ್ಳೆಯ ಮಾತು. ರಸ್ತೆಗೂ ಒಂದು ಆರ್‌ಸಿ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು. ಟೆಂಡರಿನಲ್ಲಿದ್ದ ವಿವರಕ್ಕೂ ನೆಲದ ಮೇಲಿರುವುದಕ್ಕೂ ವ್ಯತ್ಯಾಸ ಬಂದರೆ ರಸ್ತೆಯನ್ನೇ ಎತ್ತಿಕೊಂಡು ಹೋಗಿ ಠಾಣೆಯಲ್ಲಿ ನಿಲ್ಲಿಸಬಹುದಿತ್ತು.

ಕೊನೆಗೆ ಕಂಪನಿಯದೇ ಎತ್ತರದ, ಕಂಪನಿಯಷ್ಟೇ ಬಿಗಿಯಿರುವ ಗ್ಯಾಸ್ ಶಾಕಬ್ಸರ್ ಎಂದು ತೀರ್ಮಾನವಾಯಿತು. ಒಂದು ಕಡೆ ಮಾತ್ರ ಸೋರಿದ್ದರೂ ಜೋಡಿಯಾಗಿಯೇ ಹಾಕಬೇಕು. ಒಂದು ಕಾಲಿಗೆ ಹೊಸ ಬೂಟು, ಇನ್ನೊಂದಕ್ಕೆ ಹವಾಯಿ ಚಪ್ಪಲಿ ಆಗಬಾರದು. ಈ ಕಾರಿನ ಮುಂದಿನ ಗಾಲಿಗೆ ಇರುವುದು ಸ್ಟ್ರಟ್ ಎಂಬ ಬಗೆಯ ಶಾಕಬ್ಸರ್. 1940ರ ದಶಕದಲ್ಲಿ ಮ್ಯಾಕ್‌ಫರ್ಸನ್ ಎಂಬ ಅಮೆರಿಕದ ಇಂಜಿನಿಯರ್ ಕಂಡುಹಿಡಿದದ್ದು. ಅದು ಕುಣಿತ ತಡೆಯುವುದರ ಜೊತೆಗೆ ಗಾಲಿಯನ್ನೂ ಹಿಡಿದು ನಿಲ್ಲಿಸುತ್ತದೆ. ಆದ್ದರಿಂದ ಬಿಚ್ಚಿ ಹಾಕಿದ ಮೇಲೆ ಗಾಲಿಗಳ ಅಲೈನ್‌ಮೆಂಟ್ ಮಾಡಿಸಲೇಬೇಕು. ಮೇಲಿನ ಮೌಂಟು, ಒಳಗಿನ ರಬ್ಬರು, ಧೂಳಿನ ಬೂಟು ಎಲ್ಲ ಹೊಸದೇ ಇರಲಿ ಎಂದರು ಮೇಸ್ತ್ರಿ. ಸಾಮಾನು ಹೊರದೇಶದಿಂದ ಬರಬೇಕಿತ್ತು. ನಮ್ಮ ಜಿಲ್ಲೆ ಒಡೆದ ವರ್ಷವೇ ಫೋರ್ಡ್ ಕೂಡ ಭಾರತದಲ್ಲಿ ಕಾರು ತಯಾರಿಸುವುದನ್ನು ನಿಲ್ಲಿಸುವುದಾಗಿ ಹೇಳಿತ್ತಲ್ಲ. ಬಿಲ್ಲು ನೋಡಿ ಅಕ್ಕ ಎರಡು ದಿನ ಮಾತು ಬಿಟ್ಟಳು. ಮೊತ್ತ ಇಲ್ಲಿ ಬರೆಯುವುದಿಲ್ಲ. ಅವಳೂ ಓದುತ್ತಾಳೆ.

ಈಗ ಬಾಲದ ವಿಷಯ. ಇಪ್ಪತ್ತು ಲಕ್ಷ ದಾಟಿದ ಕಾರಿಗೆ ನಮ್ಮ ರಾಜ್ಯದಲ್ಲಿ ನೂರಕ್ಕೆ 18 ರೂಪಾಯಿ ಜೀವಿತಾವಧಿ ತೆರಿಗೆ. ಯಾರ ಜೀವಿತಾವಧಿ ಎಂದು ರಸೀದಿಯಲ್ಲಿ ಬರೆದಿರುವುದಿಲ್ಲ. ಶಾಕಬ್ಸರ್‌ನದಂತೂ ಅಲ್ಲ. ಅಳಿಯ ಸೋರಿದ ಹಳೇ ಸ್ಟ್ರಟ್ ಅನ್ನು ಪೇಪರಿನಲ್ಲಿ ಸುತ್ತಿಕೊಂಡು ರಸ್ತೆಗೆ ಸಂಬಂಧಪಟ್ಟ ಒಂದು ಕಚೇರಿಗೆ ಹೋದ. ಜೊತೆಗೆ ನಾನೂ ಹೋದೆ. ಮೇಜಿನ ಮೇಲೆ ಇಟ್ಟ.

"ಏನ್ರಿ ಇದು?"

"ಬಾಲ ಸಾರ್. ನಿಮ್ಮ ರಸ್ತೇಲಿ ಸತ್ತ ಕುದುರೇದು."

ಗುಮಾಸ್ತರು ಕನ್ನಡಕ ಏರಿಸಿ ನೋಡಿದರು. ಯಾವ ರಸ್ತೆಯಲ್ಲಿ ಸತ್ತದ್ದು ಎಂದು ಕೇಳಿದರು. ಹೇಳಿದೆವು. ಆ ಹಂಪ್ಸ್‌ನ ಈಚೆ ಬದಿ ನಮ್ಮದು, ಆಚೆ ಬದಿ ಬೇರೆ ಕಚೇರಿಯದು, ಏರುವಾಗ ಸತ್ತಿತೋ ಇಳಿಯುವಾಗ ಸತ್ತಿತೋ ಅರ್ಜಿಯಲ್ಲಿ ಬರೆಯಿರಿ ಎಂದರು. ವಿಮೆಯವರು ಅದಕ್ಕಿಂತ ಚುಟುಕು. ಅಪಘಾತ ಅಲ್ಲ, ಸವೆತ. ಸವೆತಕ್ಕೆ ದುಡ್ಡಿಲ್ಲ. ವಾಪಸ್ ಬರುವಾಗ ಅಳಿಯ ಬಾಲವನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕುಳಿತಿದ್ದ. ಆಟೋದಲ್ಲಿ.

ಹೊಸ ಸ್ಟ್ರಟ್ ಬಂದವು, ಕೂತವು. ನಿಜ ಹೇಳಬೇಕೆಂದರೆ ಕಾರು ಚೆನ್ನಾಗಿಯೇ ಆಯಿತು. ಗುಂಡಿಗೆ ಬಿದ್ದರೂ ಒಂದೇ ಸಲ ತಲೆಬಾಗಿ ಎದ್ದು ನಿಲ್ಲುತ್ತಿತ್ತು. ದೊಡ್ಡ ಹಂಪ್ಸ್‌ಗೆಂದು ಡಿಕ್ಕಿಯಲ್ಲಿ ಎರಡು ಹಲಗೆ ಇಟ್ಟುಕೊಂಡ. ಹಲಗೆ ಹಾಕು, ಕಾರು ದಾಟಿಸು, ಇಳಿದು ಬಂದು ಹಲಗೆ ಎತ್ತಿಕೋ. 400 ಕುದುರೆಯ ಬಲಕ್ಕೆ ಒಬ್ಬ ಹಮಾಲಿ. ಉಳಿದ ಕಡೆ ಮೆತ್ತಗೆ ಹೋಗುತ್ತದಲ್ಲ ಎಂದು ಹುಡುಗನಿಗೆ ಕಾಲು ಸ್ವಲ್ಪ ಭಾರವಾಯಿತು. ಓಣಿಯಲ್ಲಿ ಸದ್ದೂ ಜೋರಾಯಿತು. ಅಕ್ಕಪಕ್ಕದವರು ಮಕ್ಕಳು ಮರಿ ಓಡಾಡುವ ಜಾಗ ಎಂದರು.

ಗುಂಡಿ ಮುಚ್ಚಿ ಎಂದು ಕೊಟ್ಟ ಅರ್ಜಿ ಎರಡು ವರ್ಷದಿಂದ ಯಾವುದೋ ಮೇಜಿನ ಮೇಲೆ ಮಲಗಿದೆ. ಹಂಪ್ಸ್ ಬೇಕು ಎಂದು ಓಣಿಯವರು ಕೇಳಿದ್ದು ಸೋಮವಾರ. ಬುಧವಾರ ರಾತ್ರಿ ಅಳಿಯನ ಮನೆಯ ಗೇಟಿನ ಎದುರಿಗೇ ಎದ್ದು ನಿಂತಿತು. ಬೆಳಿಗ್ಗೆ ಅವನು ಟೇಪು ಹಿಡಿದುಕೊಂಡು ಬಂದು ಅಳೆದ, ಒಳಗೆ ಹೋಗಿ ಹಲಗೆ ತಂದ, ಹಾಕಿ ನೋಡಿದ, ಹಲಗೆಯೂ ಸಾಲಲಿಲ್ಲ. ಅರ್ಜಿಯಲ್ಲಿ ಮೊದಲ ಸಹಿ ಯಾರದು ಎಂದು ವಿಚಾರಿಸಿದ. ಯಾರೂ ಹೇಳಲಿಲ್ಲ. ಅಷ್ಟರಲ್ಲಿ ಅಕ್ಕ ಸುಣ್ಣದ ಡಬ್ಬಿ ಹಿಡಿದು ಹೊರಗೆ ಬಂದು, ಹೊಸ ಹಂಪ್ಸ್‌ಗೆ ಅಚ್ಚುಕಟ್ಟಾಗಿ ಬಿಳಿ ಪಟ್ಟೆ ಬಳಿದು, ನಡುವೆ ಒಂದು ರಂಗೋಲಿ ಎಳೆದಳು.