ಕೂಸು ಹುಟ್ಟುವ ಮುಂಚೆ ಕುಲಾವಿ, ಅದೂ ಎರಡು ನ್ಯಾನೊಮೀಟರಿನದು

ಪುಣೆಯ ಕೊತ್ರೂಡಿನ ನಮ್ಮ ಉಡುಪಿ ಹೋಟೆಲಿನ ಗೋಡೆಯ ಮೇಲೊಂದು ಪುಣೇರಿ ಪಾಟಿ, ಅಂದರೆ ಕುಟುಕುವ ಸೂಚನಾ ಫಲಕ, ತೂಗುತ್ತಿದೆ: 'ತಿಂದಾಯಿತೆ? ಏಳಿ. ಇದು ನಿಮ್ಮ ಮಾವನ ಮನೆಯಲ್ಲ.' ಹಾಕಿಸಿದವರು ಕುಂದಾಪುರದವರು, ಭಾಷೆ ಮರಾಠಿ, ಧಾಟಿ ಮಾತ್ರ ಅಪ್ಪಟ ಸದಾಶಿವ ಪೇಠೆಯದು. ಸರಿಯಾಗಿ ಅದರ ಕೆಳಗೇ ಕೂತು, ಪ್ರತಿ ರವಿವಾರ ಒಂಬತ್ತರಿಂದ ಹನ್ನೊಂದೂವರೆಯ ತನಕ, ಒಂದು ಪ್ಲೇಟ್ ಇಡ್ಲಿ ಮತ್ತು ಒಂದು ಬೈಟೂ ಕಾಫಿಯ ಬಲದ ಮೇಲೆ ಇಬ್ಬರು ಕನ್ನಡಿಗರು ಕುರುಕ್ಷೇತ್ರ ನಡೆಸುತ್ತಾರೆ. ಆಸ್ತಿಗಾಗಿ ಅಲ್ಲ, ಬೆಳಗಾವಿಗಾಗಿ ಅಲ್ಲ. ಇಂಟೆಲ್ ಮತ್ತು ಎಎಂಡಿ ಎಂಬ ಅಮೆರಿಕದ ಎರಡು ಕಂಪನಿಗಳಲ್ಲಿ ಯಾರ ಪ್ರೊಸೆಸರ್, ಅಂದರೆ ಕಂಪ್ಯೂಟರಿನ ಮಿದುಳಿನ ಚಿಪ್ಪು, ದೊಡ್ಡದು ಎಂಬುದಕ್ಕಾಗಿ. ಆ ಎರಡೂ ಕಂಪನಿಗಳಿಗೆ ಈ ಇಬ್ಬರ ಹೆಸರೂ ಗೊತ್ತಿಲ್ಲ, ಇಡ್ಲಿಯ ಬಿಲ್ಲನ್ನೂ ಅವರು ಕೊಡುವುದಿಲ್ಲ.

ಒಬ್ಬರು ನೀಲಿ ಕಾಕಾ. ಧಾರವಾಡದವರು, ಬ್ಯಾಂಕಿನಿಂದ ನಿವೃತ್ತರು, ಇಂಟೆಲ್ ಪಕ್ಷ. ಇನ್ನೊಬ್ಬರು ಕೆಂಪು ಭಾವ. ಉಡುಪಿ ಕಡೆಯವರು, ಹಿಂಜವಡಿಯಲ್ಲಿ ಸಾಫ್ಟ್‌ವೇರು, ಎಎಂಡಿ ಪಕ್ಷ. ಕಾಕಾರ ಮನೆಯ ಯಂತ್ರದಲ್ಲಿ 24 ಕೋರ್‌ಗಳಿವೆ, ಅಂದರೆ ಲೆಕ್ಕ ಮಾಡುವ 24 ತಲೆಗಳು. ಅದರಲ್ಲಿ ಅವರು ಮಾಡುವುದು ಎರಡೇ ಕೆಲಸ: ಲೈಟ್ ಬಿಲ್ ಕಟ್ಟುವುದು, ಭೀಮಸೇನ ಜೋಶಿಯವರ ಅಭಂಗ ಕೇಳುವುದು. ಭಾವ ಇಟ್ಟುಕೊಂಡಿರುವುದು ಎಎಂಡಿಯ 9800ಎಕ್ಸ್3ಡಿ. ಆಟಗಳು ಓಡಲೆಂದೇ ಕೋರ್‌ಗಳ ಕೆಳಗೆ ನೆಲಮಾಳಿಗೆ ಕಟ್ಟಿ, ಕೈಗೆಟುಕುವ ನೆನಪಾದ ಕ್ಯಾಶನ್ನು ಒಟ್ಟು 96 ಎಂಬಿಗೆ ಏರಿಸಿದ ಚಿಪ್ಪು. ಭಾವನವರು ಕೊನೆಯ ಸಲ ಆಟ ಆಡಿದ್ದು ಯಾವಾಗ ಎಂದು ಅವರ ಹೆಂಡತಿಗೂ ನೆನಪಿಲ್ಲ. ವಾರದ ಐದು ದಿನ ಹಿಂಜವಡಿಯ ರಸ್ತೆಯಲ್ಲಿ ಸಿಕ್ಕಿಕೊಂಡ ಮನುಷ್ಯನಿಗೆ ಒಂದು ಫ್ರೇಮ್ ಮುಂದೆ ಹೋದರೂ ಪುಣ್ಯವೇ. ಆದರೂ ಇಬ್ಬರೂ ರಾತ್ರಿ ಮಲಗುವ ಮುಂಚೆ ತಪ್ಪದೆ ಸಿನೆಬೆಂಚ್ ಎಂಬ ವೇಗಪರೀಕ್ಷೆ ಓಡಿಸಿ ಅಂಕ ನೋಡಿಕೊಳ್ಳುತ್ತಾರೆ. ಬಿ.ಪಿ. ನೋಡಿಕೊಂಡ ಹಾಗೆ.

ಪುಣೆಯ ಕನ್ನಡಿಗರಿಗೆ ಇಂಥ ಜಗಳ ಹೊಸದೇನಲ್ಲ. ನಮ್ಮ ಹಿರಿಯರು ಇದೇ ಬೆಂಚಿನ ಮೇಲೆ ಕಿರಾನಾ ಘರಾಣೆ ಹೆಚ್ಚೋ ಜೈಪುರ ಅತ್ರೌಲಿ ಘರಾಣೆ ಹೆಚ್ಚೋ ಎಂದು ಕಚ್ಚಾಡಿದವರು. ಗದಗಿನ ಭೀಮಸೇನರು ಒಂದು ಪಾರ್ಟಿ, ಧಾರವಾಡದ ಮನ್ಸೂರರು ಇನ್ನೊಂದು ಪಾರ್ಟಿ. ಆದರೆ ಅಲ್ಲಿ ವಾದಕ್ಕಿಳಿಯುವ ಮುಂಚೆ ಹಾಡು ಕೇಳಬೇಕಿತ್ತು. ಡಿಸೆಂಬರಿನ ಚಳಿಯಲ್ಲಿ ಸವಾಯಿ ಗಂಧರ್ವ ಮಹೋತ್ಸವಕ್ಕೆ ಶಾಲು ಹೊದ್ದು ಹೋಗಬೇಕಿತ್ತು. ಈಗ ಆ ತಾಪತ್ರಯವಿಲ್ಲ. ಚಿಪ್ಪು ಇನ್ನೂ ಹುಟ್ಟಿರುವುದಿಲ್ಲ, ಜಗಳ ಶುರುವಾಗಿರುತ್ತದೆ.

"ನಮ್ಮವು 24 ಕೋರ್ ಅದಾವ್ ನೋಡ್ರಿ" ಎಂದು ಕಾಕಾ ಆಲಾಪ ಎತ್ತುತ್ತಾರೆ.

"ಅದರಲ್ಲಿ ಹಾಡುವವರು ಎಂಟೇ ಜನ ಮಾರಾಯ್ರೆ. ಉಳಿದ ಹದಿನಾರು ಕರೆಂಟು ಉಳಿಸುವ ಸಣ್ಣ ಕೋರು. ತಾಳ ಕುಟ್ಟುವವರನ್ನೂ ಲೆಕ್ಕಕ್ಕೆ ಹಿಡಿದು 24 ಗವಾಯಿಗಳು ಅನ್ನುವುದಾ?"

"ಲೆಕ್ಕದ ಮಾತು ನೀವು ಆಡಬ್ಯಾಡ್ರಿ. 2011ರಾಗ ಬುಲ್ಡೋಜರ್ ಅಂತ ಬಿಟ್ಟು ಎಂಟು ಕೋರ್ ಅಂದ್ರಿ. ಇಬ್ಬಿಬ್ಬರು ಕೂಡಿ ಒಂದೊಂದು ತಂಬೂರಿ ಹಂಚ್ಕೊಂಡಿದ್ರು ಒಳಗ! ಜನ ಕೋರ್ಟಿಗೆ ಹೋದ್ರು, 2019ರಾಗ 1 ಕೋಟಿ 21 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡ್ಕೊಂಡ್ರಿ. ನೀವು ಮೊದಲಿಂದ ಕಾಪಿ ಹೊಡದವರು."

"ಕಾಪಿಯಾ? ಐಬಿಎಂನವರು ಎರಡನೆಯ ತಯಾರಕ ಬೇಕೇ ಬೇಕು ಅಂತ ಹಠ ಹಿಡಿದದ್ದಕ್ಕೆ 1982ರಲ್ಲಿ ನಿಮ್ಮವರೇ ಕರಾರು ಬರೆದುಕೊಟ್ಟದ್ದಲ್ವಾ? ಇರಲಿ, ಈಗ ನಿಮ್ಮ ಇಂಟೆಲ್ ಓಡಿಸುವ 64 ಬಿಟ್ ಆಜ್ಞೆಗಳ ಭಾಷೆ ಯಾರದ್ದು? ಮನೆಗೆ ಹೋಗಿ ವಿಂಡೋಸಿನ ಒಳಗಿನ ಫೋಲ್ಡರ್ ತೆರೆದು ನೋಡಿ. ಎಎಂಡಿ64 ಅಂತಲೇ ಬರೆದಿರ್ತದೆ."

ಕಾಕಾ ಮನೆಗೆ ಹೋಗಿ ನೋಡಿದರು. ಬರೆದಿತ್ತು. ಅಂದಿನಿಂದ ಅವರು ಆ ಫೋಲ್ಡರಿನ ದಾರಿಯಲ್ಲಿ ಓಡಾಡುವುದಿಲ್ಲ.

ಇವರ ಪಕ್ಷಗಳಲ್ಲಿ ನಾಮಕರಣವೇ ಒಂದು ಶಾಸ್ತ್ರ. ಇಂಟೆಲ್‌ನವರು ಹುಟ್ಟಿದ ಕೂಸಿಗೆಲ್ಲ ಕೆರೆಯ ಹೆಸರಿಡುತ್ತಾರೆ: ಆಲ್ಡರ್ ಲೇಕ್, ರ‍್ಯಾಪ್ಟರ್ ಲೇಕ್, ಮೀಟಿಯೋರ್ ಲೇಕ್, ಆ್ಯರೋ ಲೇಕ್, ಪ್ಯಾಂಥರ್ ಲೇಕ್. ಇಷ್ಟು ಕೆರೆ ಕಟ್ಟಿಸಿದ ಪುಣ್ಯ ಬಾದಾಮಿಯ ಚಾಲುಕ್ಯರಿಗೂ ಇಲ್ಲ. ಎಎಂಡಿಯವರಿಗೆ ಚಿತ್ರಕಾರರ ಹುಚ್ಚು: ಪಿಕಾಸೊ, ಮಟೀಸ್, ವರ್ಮೀರ್, ರಾಫೆಲ್. ಡಬ್ಬಿಯ ಮೇಲೆ ಬರುವ ಅಂಕಿಗಳಂತೂ ಪಂಚಾಂಗವೇ. 2023ರಲ್ಲಿ ಎಎಂಡಿ ಲ್ಯಾಪ್‌ಟಾಪುಗಳಿಗೊಂದು ಸೂತ್ರ ಮಾಡಿತು: ಮೊದಲ ಅಂಕಿ ಸಂವತ್ಸರ, ಎರಡನೆಯದು ಅಂತಸ್ತು, ಮೂರನೆಯದು ಗೋತ್ರ. ಹಾಗಾಗಿ 7520 ಎಂದು ಬರೆದಿದ್ದರೆ ಅಮಾಯಕ ಗಿರಾಕಿ 'ಏಳನೇ ಸಾವಿರ, ಹೊಚ್ಚ ಹೊಸದು' ಎಂದು ಹಿಗ್ಗುತ್ತಾನೆ. ಗೋತ್ರ ಬಲ್ಲವನಿಗೆ ಮಾತ್ರ ಒಳಗಿರುವುದು 2019ರಲ್ಲಿ ಬಂದ ಜೆನ್ 2 ವಿನ್ಯಾಸ ಎಂದು ತಿಳಿಯುತ್ತದೆ. ವಧುಪರೀಕ್ಷೆಗೆ ಅಕ್ಕನ ಫೋಟೋಕ್ಕೆ ತಂಗಿಯ ಜಾತಕ ಕಳಿಸಿದ ಹಾಗೆ. ಇಂಟೆಲ್ ಕಡೆಯವರು ಹದಿನಾಲ್ಕನೆಯ ಪೀಳಿಗೆಯ ತನಕ ಶಿಸ್ತಾಗಿ ಎಣಿಸುತ್ತ ಬಂದು, ಇದ್ದಕ್ಕಿದ್ದಂತೆ 'ಅಲ್ಟ್ರಾ' ಎಂದು ಮತ್ತೆ ಒಂದರಿಂದ ಶುರುಮಾಡಿದರು.

ಇನ್ನು ನ್ಯಾನೊಮೀಟರು, ಅಂದರೆ ಮೀಟರಿನ ನೂರು ಕೋಟಿಯಲ್ಲೊಂದು ಪಾಲು. ಮೂರು ನ್ಯಾನೊಮೀಟರ್ ಚಿಪ್ಪು ಎಂದರೆ ಒಳಗಿನ ಯಾವುದೋ ತಂತಿಯ ಅಗಲ ಮೂರು ಎಂದು ನಾನು ಬಹಳ ಕಾಲ ನಂಬಿದ್ದೆ. ಅದು ಯಾವ ಭಾಗದ ಅಳತೆಯೂ ಅಲ್ಲ, ಬರೀ ಹೆಸರು. ಶನಿವಾರ ಪೇಠೆಯಲ್ಲಿ ಬುಧವಾರವೂ ಬರುತ್ತದಲ್ಲ, ಹಾಗೆ. ಇಂಟೆಲ್ 2015ರಿಂದ 2021ರ ತನಕ ಡೆಸ್ಕ್‌ಟಾಪಿನಲ್ಲಿ 14 ನ್ಯಾನೊಮೀಟರಿನಲ್ಲೇ ಕಾಲ ತಳ್ಳಿತು. ವರ್ಷ ಹೋದ ಹಾಗೆ ಅಧಿಕಮಾಸ ಸೇರಿಸಿದಂತೆ ಹಿಂದೆ ಒಂದೊಂದು ಪ್ಲಸ್ ಗುರುತು ಸೇರಿಸುತ್ತ ಹೋಯಿತು. ಕೊನೆಗೆ 2021ರ ಜುಲೈಯಲ್ಲಿ, ತನ್ನ 10 ನ್ಯಾನೊಮೀಟರಿನ ಸುಧಾರಿತ ಆವೃತ್ತಿಗೆ 'ಇಂಟೆಲ್ 7' ಎಂದು ಹೆಸರು ಬದಲಿಸಿತು. ಹತ್ತು ಇದ್ದದ್ದು ಒಂದೇ ಪ್ರಕಟಣೆಯಲ್ಲಿ ಏಳು! ತೈವಾನಿನ ಚಿಪ್ಪು ಕಾರ್ಖಾನೆ ಟಿಎಸ್‌ಎಂಸಿಯವರು ಅಂಥದ್ದನ್ನೇ ಮೊದಲಿನಿಂದ ಏಳು ಎಂದು ಮಾರುತ್ತಿದ್ದರು, ನಾವೇಕೆ ಹರಿಶ್ಚಂದ್ರರಾಗಬೇಕು ಎಂಬುದು ಒಳಗಿನ ನ್ಯಾಯ. ಅದೂ ಒಪ್ಪತಕ್ಕದ್ದೇ. ಈಗ ನ್ಯಾನೊ ಖಾಲಿಯಾಗುತ್ತ ಬಂದು, ಅದರ ಹತ್ತನೆಯ ಒಂದು ಪಾಲಾದ ಆಂಗ್‌ಸ್ಟ್ರಾಮಿಗೆ ಇಳಿದಿದ್ದಾರೆ. ಪ್ಯಾಂಥರ್ ಲೇಕ್ ತಯಾರಾಗುವುದು '18ಎ'ಯಲ್ಲಿ. ಕಾಕಾ ಇದನ್ನು 'ಅಠರಾ ಎ' ಎಂದು ಬಸ್ಸಿನ ನಂಬರ್ ಹೇಳಿದಂತೆ ಹೇಳುತ್ತಾರೆ. ಬಸ್ಸಿನಂತೆಯೇ ಅದಕ್ಕೂ ಬಹಳ ಹೊತ್ತು ಕಾದರು.

ಕಾಯುವುದು ಎಂದೆನಲ್ಲ, ಅದರಲ್ಲಿ ನನ್ನ ದಾಖಲೆ ಯಾರೂ ಮುರಿಯಲಾರರು. ಸಂಘದ ಸ್ಮರಣ ಸಂಚಿಕೆಯನ್ನು ಟೈಪು ಮಾಡುತ್ತಿದ್ದ ನನ್ನ ಹಳೆಯ ಕಂಪ್ಯೂಟರ್ ತೀರಿಕೊಂಡದ್ದು 2022ರ ಗಣೇಶ ಚೌತಿಗೆ. ಯಾವುದು ಕೊಳ್ಳಲಿ ಎಂದು ಈ ಇಬ್ಬರನ್ನು ಕೇಳಿದ್ದು ನನ್ನ ಜನ್ಮಾಂತರದ ಪಾಪ. "ಒಂದು ತಿಂಗಳು ತಡೆಯಿರಿ, ಎಎಂಡಿಯ ಹೊಸ ಸಾಕೆಟ್ಟು ಎಎಂ5 ಬರ್ತದೆ" ಎಂದರು ಭಾವ. ಬಂತು. "ಬೋರ್ಡು ದುಬಾರಿ, ಇಳಿಯಲಿ" ಎಂದರು. ಕಾಕಾ ಹದಿಮೂರನೆಯ ಪೀಳಿಗೆಗೆ ಕಾಯಿಸಿದರು, ಬಂದಾಗ "ಹದಿನಾಲ್ಕನೇದು ಬರಾಕ್ಹತ್ತೈತಿ, ಈಗ ಯಾರ ತೊಗೋತಾರ?" ಎಂದರು. 2023ರ ಏಪ್ರಿಲ್‌ನಲ್ಲಿ ಕೆಲವರ ಎಎಂಡಿ ರೈಜನ್ 7000 ಚಿಪ್ಪುಗಳು ವೋಲ್ಟೇಜ್ ಹೆಚ್ಚಾಗಿ ಸಾಕೆಟ್ಟಿನಲ್ಲೇ ಸುಟ್ಟು ಉಬ್ಬಿದವು. ಕಾಕಾ ಆ ರವಿವಾರ ತಾವಾಗಿಯೇ ಎಲ್ಲರಿಗೂ ಶಿರಾ ಹೇಳಿದರು. 2024ರಲ್ಲಿ ಇಂಟೆಲ್‌ನ ಹದಿಮೂರು, ಹದಿನಾಲ್ಕನೆಯ ಪೀಳಿಗೆಯ ಡೆಸ್ಕ್‌ಟಾಪ್ ಚಿಪ್ಪುಗಳೂ ಅದೇ ವೋಲ್ಟೇಜಿನ ಕಾಯಿಲೆಗೆ ಬಿದ್ದು ಕುಸಿಯತೊಡಗಿದವು. ಕಂಪನಿ ಮೈಕ್ರೋಕೋಡ್ ಎಂಬ ಒಳ ತಂತ್ರಾಂಶದ ಔಷಧ ಕೊಟ್ಟು ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಭಾವ ಬಾಕರವಡಿ ಹಂಚಿದರು. ಆ ಶ್ರಾವಣವಿಡೀ ಕಾಕಾರದು ಮೌನವ್ರತ. ಅವರ ಯಂತ್ರಕ್ಕೇನೂ ಆಗಿರಲಿಲ್ಲ ಎನ್ನಿ. ಅಭಂಗ ಕೇಳಿ, ಲೈಟ್ ಬಿಲ್ ಕಟ್ಟಿ ಯಾವ ಪ್ರೊಸೆಸರೂ ಸತ್ತದ್ದಿಲ್ಲ.

ಅದೇ ವರ್ಷದ ಅಕ್ಟೋಬರಿನಲ್ಲಿ ಆ್ಯರೋ ಲೇಕ್ ಬಂತು. ಅನೇಕ ಆಟಗಳಲ್ಲಿ ಅದು ತನ್ನ ಅಣ್ಣನಿಗಿಂತಲೂ ಹಿಂದೆ ಬಿತ್ತು. ಆದರೆ ನನಗೆ ಕುತೂಹಲವಾದದ್ದು ಬೇರೆ. ಅದರ ಲೆಕ್ಕ ಮಾಡುವ ಭಾಗವನ್ನು ಇಂಟೆಲ್ ತಾನೇ ಮಾಡಿರಲಿಲ್ಲ, ತೈವಾನಿನ ಟಿಎಸ್‌ಎಂಸಿಯಿಂದ ಮಾಡಿಸಿತ್ತು. ಎಎಂಡಿಯವರಂತೂ 2009ರಲ್ಲೇ ಕಾರ್ಖಾನೆ ಬೇರೆ ಮಾಡಿ ಕೈತೊಳೆದುಕೊಂಡವರು, ಅವರ ಚಿಪ್ಪೂ ಅದೇ ಟಿಎಸ್‌ಎಂಸಿಯದು. ಅಂದರೆ ಎರಡು ಹೋಟೆಲು, ಎರಡು ಬೋರ್ಡು, ಹಿತ್ತಲಲ್ಲಿ ಒಂದೇ ರುಬ್ಬುವ ಕಲ್ಲು. ನಾನು ಬಾಯಿ ತಡೆಯಲಾರದೆ ಇದನ್ನು ಹೇಳಿಬಿಟ್ಟೆ. ಮೇಜು ತಣ್ಣಗಾಯಿತು. ಅಷ್ಟಕ್ಕೆ ಬಿಡದೆ ಮುಂದುವರಿದೆ: "ಇಂಟೆಲ್‌ನ ಪೆಂಟಿಯಂ ಚಿಪ್ಪಿನ ಪಿತಾಮಹ ಎನ್ನಿಸಿಕೊಂಡ ವಿನೋದ್ ಧಾಮ್ ಹುಟ್ಟಿದ್ದು 1950ರಲ್ಲಿ, ಇದೇ ಪುಣೆಯಲ್ಲಿ. ಇಂಟೆಲ್ ಬಿಟ್ಟು ನೆಕ್ಸ್‌ಜೆನ್ ಎಂಬ ಕಂಪನಿ ಸೇರಿದರು. ಅದನ್ನು ಎಎಂಡಿ ಕೊಂಡುಕೊಂಡಿತು. ಪೆಂಟಿಯಂಗೆ ಎದುರು ನಿಂತ ಎಎಂಡಿಯ ಕೆ6 ಚಿಪ್ಪಿನ ಹಿಂದೆಯೂ ಅವರೇ ಇದ್ದರು. ಎರಡೂ ಕಡೆಯ ಕೂಸುಗಳಿಗೆ ತೊಟ್ಟಿಲು ಕಟ್ಟಿದ್ದು ನಮ್ಮೂರಲ್ಲಿ ಹುಟ್ಟಿದವರೇ!"

ಕಾಕಾ ಮತ್ತು ಭಾವ ಮೊದಲ ಸಲ ಒಂದೇ ಕಡೆ ತಿರುಗಿ ನನ್ನನ್ನು ನೋಡಿದರು. "ನಿಮಗ ತಂತ್ರಜ್ಞಾನ ತಿಳಿಯೂದಿಲ್ಲ ಬಿಡ್ರಿ" ಎಂದರು ಒಬ್ಬರು. "ಪಾಪ, ಸಾಹಿತ್ಯದವರು" ಎಂದರು ಇನ್ನೊಬ್ಬರು.

2025ರಲ್ಲಿ ಇದು ಧಾರಾವಾಹಿಯ ಮಟ್ಟಕ್ಕೆ ಏರಿತು. ಆಗಸ್ಟಿನಲ್ಲಿ ಅಮೆರಿಕ ಸರ್ಕಾರ ಇಂಟೆಲ್‌ನ ಹತ್ತಿರ ಹತ್ತಿರ ಶೇಕಡಾ 10ರಷ್ಟು ಪಾಲು ತೆಗೆದುಕೊಂಡಿತು. ರಾಷ್ಟ್ರೀಕೃತ ಬ್ಯಾಂಕಿನ ಅನ್ನ ಉಂಡ ಕಾಕಾ ಕಣ್ಣೀರು ತಂದುಕೊಂಡರು: "ಇನ್ನ ಚಿಂತಿಲ್ಲ, ಸರಕಾರಿ ಆತು." ಸೆಪ್ಟೆಂಬರಿನಲ್ಲಿ ಎಐ ಚಿಪ್ಪುಗಳ ಕಂಪನಿ ಎನ್‌ವಿಡಿಯಾ ಇಂಟೆಲ್‌ನಲ್ಲಿ 500 ಕೋಟಿ ಡಾಲರ್ ಹೂಡುವುದಾಗಿ ಹೇಳಿತು. ಎನ್‌ವಿಡಿಯಾದ ಮುಖ್ಯಸ್ಥ ಜೆನ್ಸನ್ ಹುವಾಂಗ್, ಎಎಂಡಿಯ ಮುಖ್ಯಸ್ಥೆ ಲೀಸಾ ಸು ದೂರದ ನೆಂಟರು. ಕೆಂಪು ಮನೆಯ ಯಜಮಾನಿಯ ನೆಂಟ ನೀಲಿ ಮನೆಯ ಮಾಡು ರಿಪೇರಿಗೆ ದುಡ್ಡು ಕೊಟ್ಟ ಲೆಕ್ಕ. ಭಾವ ಎರಡು ರವಿವಾರ ಹೋಟೆಲಿಗೇ ಬರಲಿಲ್ಲ.

ನಾನು ಕೊನೆಗೆ ಯಾರನ್ನೂ ಕೇಳದೆ ಬುಧವಾರ ಪೇಠೆಗೆ ಹೋದೆ. ಒಂದರಿಂದ ನಾಲ್ಕು ಅಂಗಡಿ ಮುಚ್ಚಿತ್ತು, ಕಾದೆ; ಅಭ್ಯಾಸವಿದೆ. "ಪ್ರೊಸೆಸರ್ ಯಾವುದಾದರೂ ಕೊಡುತ್ತೇನೆ. ರ‍್ಯಾಮ್‌ಗೆ ದುಡ್ಡು ತಂದಿದ್ದೀರಾ?" ಎಂದು ಅಂಗಡಿಯವನು ಕೇಳಿದ. ಎಐ ಕೇಂದ್ರಗಳು ಮೆಮೊರಿಯನ್ನೆಲ್ಲ ನುಂಗಿ ಬೆಲೆ ಮೇಲಕ್ಕೆ ಹಾರಿತ್ತು. ಅವನು ಎರಡು ಕಡ್ಡಿ ರ‍್ಯಾಮನ್ನು ಡ್ರಾಯರಿನಿಂದ ತೆಗೆದು ತೋರಿಸಿ ಮತ್ತೆ ಬೀಗ ಹಾಕಿದ ರೀತಿ ಕಂಡು, ದಾರಿ ತಪ್ಪಿ ಲಕ್ಷ್ಮೀ ರಸ್ತೆಯ ಬಂಗಾರದಂಗಡಿಗೆ ಬಂದೆನೇನೋ ಅನ್ನಿಸಿತು.

ಮುಂದಿನ ರವಿವಾರ ವಿಷಯ ತಿಳಿಸಿದೆ. "ಛಲೋ ಆತು, ನೋವಾ ಲೇಕ್ ಬರತನಕಾ ತಡೀರಿ" ಎಂದರು ಕಾಕಾ. "ಜೆನ್ 6 ಬರಲಿ" ಎಂದರು ಭಾವ. ಕೌಂಟರಿನಲ್ಲಿ ಹೋಟೆಲಿನವರ ಹಳೆಯ ಕಂಪ್ಯೂಟರು ಕರಕರ ಎನ್ನುತ್ತ ನಮ್ಮ ಬಿಲ್ಲು ಉಗುಳಿತು. ನನಗೆ ನೆನಪಿರುವಷ್ಟು ವರ್ಷಗಳಿಂದ ಅದೇ ಯಂತ್ರ, ಅದೇ ಎಣ್ಣೆಜಿಡ್ಡು, ಒಂದು ದಿನವೂ ರಜೆಯಿಲ್ಲ.

"ಅದರೊಳಗೆ ಇರುವುದು ಯಾವುದು?" ಎಂದು ಕೇಳಿದೆ.

"ಯಾರಿಗೆ ಗೊತ್ತು ಮಾರಾಯ್ರೆ? ಸ್ಟಿಕ್ಕರ್ ಇತ್ತು. ಯಾವುದೋ ಆಯುಧಪೂಜೆಗೆ ಅದರ ಮೇಲೆ ಲಕ್ಷ್ಮಿ ಫೋಟೋ ಅಂಟಿಸಿಬಿಟ್ಟೆ."

"ಇಷ್ಟು ವರ್ಷ ಓಡೈತಿ ಅಂದಮ್ಯಾಲ ಇಂಟೆಲ್ಲೇ" ಎಂದು ಕಾಕಾ ಎದ್ದರು. "ಅಡುಗೆಮನೆಯ ಈ ಸೆಕೆ ತಡೆದಿದೆ ಅಂದರೆ ಎಎಂಡಿಯೇ" ಎಂದು ಭಾವನೂ ಎದ್ದರು. ಇಬ್ಬರೂ ಕೌಂಟರಿಗೆ ನುಗ್ಗಿ ಎರಡು ಕಡೆಯಿಂದ ಲಕ್ಷ್ಮಿಯ ಅಂಚು ಉಗುರಿನಿಂದ ಎಬ್ಬಿಸತೊಡಗಿದಾಗ, ಹೋಟೆಲಿನವರು ಕುರ್ಚಿಯಿಂದ ಅಲುಗದೆ ಕೈ ಮಾತ್ರ ಎತ್ತಿ ಗೋಡೆಯ ಪಾಟಿ ತೋರಿಸಿದರು.