ಬಾಗಿದ ನೆಕ್ಕನ್ನು ಯಾರ ಕೈಗೆ ಕೊಡಲಿ?

ಸೋದರಮಾವ ಬಿಟ್ಟುಹೋದ 1974ರ ಫೆಂಡರ್ ಪ್ರಿಸಿಷನ್ ಬಾಸ್ ಗಿಟಾರಿನ ನೆಕ್, ಅಂದರೆ ತಂತಿಗಳು ಹಾಯುವ ಉದ್ದನೆಯ ಮರದ ಕತ್ತು, ಈ ಮಳೆಗಾಲದಲ್ಲಿ ಬಾಗಿದೆ. ಅದನ್ನು ನಂಬಿ ಒಪ್ಪಿಸಬಹುದಾದ ಒಬ್ಬ ಕುಶಲಕರ್ಮಿಗಾಗಿ ಮೂರು ತಿಂಗಳಿಂದ ಮುಂಬೈಯ ಮಾಟುಂಗಾದಿಂದ ಅಂಧೇರಿಯವರೆಗೆ ಅಲೆಯುತ್ತಿದ್ದೇನೆ. 34 ಇಂಚು ಸ್ಕೇಲಿನ (ತಂತಿಯ ಮಿಡಿಯುವ ಭಾಗದ ಉದ್ದ) ಈ ವಾದ್ಯದ ನಾಲ್ಕು ತಂತಿಗಳ ಸೆಳೆತಕ್ಕೆ ಹಗಲಿರುಳು ಎದುರು ನಿಲ್ಲುವುದು ನೆಕ್ಕಿನ ಮೇಪಲ್ ಮರದೊಳಗೆ ಹುದುಗಿರುವ ಟ್ರಸ್ ರಾಡ್ ಎಂಬ ಉಕ್ಕಿನ ಸರಳು. ಆ ಕಾಲದ ಈ ಮಾದರಿಯಲ್ಲಿ ಅದರ ತಿರುಪು ನೆಕ್ಕಿನ ಬುಡದಲ್ಲಿರುವುದರಿಂದ, ಸಾಮಾನ್ಯವಾಗಿ ನೆಕ್ಕನ್ನೇ ಬಿಚ್ಚಿ, ತುಸುವೇ ತಿರುಗಿಸಿ, ಮತ್ತೆ ಜೋಡಿಸಿ, ತಂತಿ ಬಿಗಿದು ನೋಡಬೇಕಾಗುತ್ತದೆ. ಅಷ್ಟು ತಾಳ್ಮೆ ಯಾರಲ್ಲಿದೆ? ಒಬ್ಬರು ವಾದ್ಯವನ್ನು ಪೆಟ್ಟಿಗೆಯಿಂದ ತೆಗೆಯುವ ಮೊದಲೇ ನೆಕ್ಕಿನ ಮೇಲೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗಳಾದ ಫ್ರೆಟ್‌ಗಳನ್ನೆಲ್ಲ ಉಜ್ಜಿಬಿಡೋಣ ಎಂದರು. ಉಜ್ಜಿ ಕಳೆದ ಲೋಹವನ್ನು ಮರಳಿ ತರುವವರು ಯಾರು? ಇನ್ನೊಬ್ಬರು ಹೊಸ ನೆಕ್ ಹಾಕಿಸಿ, ಹಳೆಯದನ್ನು ನಮ್ಮಲ್ಲೇ ಬಿಟ್ಟುಹೋಗಿ ಎಂದರು. ಆ ಮಾತು ನೆನೆದರೆ ಇಂದಿಗೂ ಮೈ ಉರಿಯುತ್ತದೆ. ತಂಬೂರಿಯಾಗಿದ್ದರೆ ತಲೆಮಾರುಗಳಿಂದ ಅದನ್ನೇ ಮಾಡುತ್ತ ಬಂದ ಮಿರಜಿನವರಿಗೆ ಒಪ್ಪಿಸಿ ನಿಶ್ಚಿಂತೆಯಿಂದ ಮರಳುತ್ತಿದ್ದೆ. ಮೊದಲು ನೇರಪಟ್ಟಿ ಇಟ್ಟು ಬಾಗು ಎಷ್ಟಿದೆಯೆಂದು ಅಳೆದು ತೋರಿಸುವವರು ಸಿಗುವವರೆಗೆ ಈ ಬಾಸ್, ತಂತಿಗಳನ್ನು ಸಡಿಲಿಸಿಕೊಂಡು, ಪೆಟ್ಟಿಗೆಯಲ್ಲೇ ಮಲಗಿರುತ್ತದೆ.