ಅದೆಲ್ಲ ಹಳೇ ಕಥೆ ಬಿಡಮ್ಮ!

ಇವತ್ತು ಬೆಳಿಗ್ಗೆ ಒಂದು ಸಬ್ ರಿಜಿಸ್ಟ್ರಾರ್ ಆಫೀಸಿನ ಬೆಂಚಿನಲ್ಲಿ ಕಿವಿಗೆ ಬಿದ್ದ ಮಾತು. "ಅದೆಲ್ಲ ಹಳೇ ಕಥೆ ಬಿಡಮ್ಮ, ಈಗ ಯಾಕೆ ಕೆದಕ್ತೀಯ? ಸೈನ್ ಹಾಕಿಬಿಡು, ಊಟಕ್ಕೆ ಹೋಗೋಣ." ಹೇಳಿದ್ದು ಅಣ್ಣ, ಕೈಯಲ್ಲಿ ಹಕ್ಕು ಖುಲಾಸೆ ಪತ್ರ, ಅಂದ್ರೆ ಆಸ್ತಿಯಲ್ಲಿ ನನ್ನ ಪಾಲು ಬಿಟ್ಟುಕೊಟ್ಟೆ ಅಂತ ತಂಗಿ ಬರೆದುಕೊಡೋ ಕಾಗದ. ಆ ತಂಗಿ ಪಾಲು ಕೇಳಿರಲೇ ಇಲ್ಲ. "ಗೃಹಪ್ರವೇಶದ ದಿನ ಅತ್ತಿಗೆ ನನ್ನ ಮಗಳನ್ನ ಎಲೆ ಮುಂದಿಂದ ಎಬ್ಬಿಸಿದ್ರಲ್ಲಣ್ಣ, ನೀನು ನೋಡ್ತಾ ನಿಂತಿದ್ದೆ" ಅಂದಿದ್ದರು, ಅಷ್ಟೇ. ಅಣ್ಣ ಟೋಕನ್ ನಂಬರ್ ನೋಡೋಕೆ ಎದ್ದು ಹೋದರು.

ಮನೆ ಜಗಳದ ಎರಡೂ ಕಡೆಯೋರನ್ನ ಕೂರಿಸಿ ರಾಜಿ ಮಾಡಿಸೋದು ನನ್ನ ಕೆಲಸ. ಆಸ್ತಿ ಜಗಳದ ಮಾತುಕತೆಗೆ ಕೂತಾಗ ಮೊದಲ ಅರ್ಧ ಗಂಟೆ ಎಲ್ಲರೂ ಚದರಡಿ ಮಾತಾಡ್ತಾರೆ. ಆಮೇಲೆ ಯಾರಾದರೊಬ್ಬರು ನೀರು ಕುಡಿದು ಲೋಟ ಕೆಳಗಿಟ್ಟು "ಅಪ್ಪನ ತಿಥಿಗೆ ಫೋನ್ ಮಾಡಿ ಕರೆದ್ರಾ ಕೇಳಿ ಸರ್ ಇವರನ್ನ" ಅಂತಾರೆ. ಫೈಲು ಅಲ್ಲಿಂದ ಶುರು. ಮದುವೆ ಕಾರ್ಡಿನಲ್ಲಿ ಯಜಮಾನರ ಹೆಸರು ಬಿಟ್ಟಿದ್ದು, ಮಡಿಲಕ್ಕಿ ತುಂಬದೆ ಕಳಿಸಿದ್ದು, ಗೌರಿ ಹಬ್ಬಕ್ಕೆ ಬಾಗಿನ ನಿಲ್ಲಿಸಿದ್ದು. ದಾವೆಯ ಕಾಗದದಲ್ಲಿ ಇದ್ಯಾವುದಕ್ಕೂ ಜಾಗ ಇಲ್ಲ.

ಜಾಗ ಯಾಕಿಲ್ಲ ಅಂತ ಕೇಳಿ. ಬಾಯಿಮಾತಿನಲ್ಲಿ ಮಾನ ಕಳೆದವರ ಮೇಲೆ ಪರಿಹಾರದ ದಾವೆ ಹೂಡೋಕೆ 1963ರ ಕಾಲಮಿತಿ ಕಾಯ್ದೆ ಕೊಡೋದು 1 ವರ್ಷ. ಒಟ್ಟು ಕುಟುಂಬದ ಆಸ್ತಿಯಿಂದ ಹೊರಗಿಟ್ಟರೆ, ಹೊರಗಿಟ್ಟಿದ್ದು ಗೊತ್ತಾದ ದಿನದಿಂದ 12 ವರ್ಷ. ಹಾವಿನ ದ್ವೇಷ ಹನ್ನೆರಡು ವರ್ಷ ಅನ್ನೋ ಗಾದೆಯನ್ನ ಶಾಸನ ಮಾಡಿದೋರು ಕೇಳಿಸ್ಕೊಂಡಿದ್ದರೋ ಏನೋ! ಎಲೆ ಮುಂದಿಂದ ಎಬ್ಬಿಸಿದ್ದು ಅಂತೂ ಯಾವ ಕಲಮಿಗೂ ಬರಲ್ಲ. ಹಾಗಾಗಿ ಅವಮಾನ ಪಾಲಿನ ದಾವೆಯ ವೇಷ ಹಾಕ್ಕೊಂಡು ಕೋರ್ಟಿಗೆ ಬರುತ್ತೆ. ವೇಷಕ್ಕೆ ಖರ್ಚೂ ಕಡಿಮೆ. ಆಸ್ತಿ ಜಂಟಿ ಸ್ವಾಧೀನದಲ್ಲಿದೆ ಅಂತ ಹೇಳಿಕೊಂಡರೆ ಕರ್ನಾಟಕದಲ್ಲಿ ಪಾಲಿನ ದಾವೆಗೆ ಕೋರ್ಟ್ ಶುಲ್ಕ 200 ರೂಪಾಯಿ, ಸೈಟು ಕೋಟಿ ಬಾಳಿದರೂ ಅಷ್ಟೇ.

"ಅವಮಾನವೂ ಇಲ್ಲ, ಮಣ್ಣೂ ಇಲ್ಲ, ಬೆಂಗಳೂರಿನ ಜಾಗದ ರೇಟು ಏರಿದ್ದಕ್ಕೆ ಬಂದ ದುರಾಸೆ" ಅಂತ ಈಗ ಒಬ್ಬರು ಕಾಮೆಂಟ್ ಹಾಕ್ತಾರೆ, ನನಗೆ ಗೊತ್ತು. ಸ್ವಾಮಿ, ಆಸೆಬುರುಕನಿಗೆ ಲೆಕ್ಕ ಚೆನ್ನಾಗಿ ಬರುತ್ತೆ. 30×40 ಸೈಟು ಅಂದ್ರೆ 1,200 ಚದರಡಿ. ನಾಲ್ಕು ಮಕ್ಕಳಿಗೆ ತಲಾ 300. ಮೆಟ್ಟಿಲು, ಸಂಪು, ಓಡಾಡೋ ದಾರಿ ಕಳೆದರೆ ಒಂದು ಕಾರು ನಿಲ್ಲಿಸಬಹುದು. ಅಂಥದ್ದನ್ನ ಗೆರೆ ಹಾಕಿ ಕೊಡೋಕಾಗಲ್ಲ. 1893ರ ವಿಭಾಗ ಕಾಯ್ದೆ ಪ್ರಕಾರ ಮಾರಿ ಹಣ ಹಂಚೋದು, ಇಲ್ಲಾ ಪಾಲುದಾರರಲ್ಲೇ ಒಬ್ಬರು ಕೊಂಡುಕೊಳ್ಳೋದು, ಇಷ್ಟೇ ದಾರಿ. ಬರೀ ದುರಾಸೆಯಾಗಿದ್ದರೆ ಮೊದಲ ತಿಂಗಳೇ ಮಾರಿ ಎದ್ದು ಹೋಗ್ತಿದ್ದರು. ಹಾಗೆ ಮಾಡದೆ ಯಾರ ಪಾಲು ಎಷ್ಟು ಅನ್ನೋ ಪ್ರಾಥಮಿಕ ಡಿಕ್ರಿ, ಹಂಚಿ ಕೊಡೋ ಅಂತಿಮ ಡಿಕ್ರಿ, ನಡುವೆ ಅಳತೆಗೆ ಕೋರ್ಟು ಕಳಿಸಿದ ಕಮಿಷನರ್ ವರದಿಗೆ ತಕರಾರು, ಆಮೇಲೆ ಅಪೀಲು ಅಂತ ಓಡಾಡ್ತಾರೆ. ಕಾರು ನಿಲ್ಲಿಸೋ ಜಾಗಕ್ಕಾಗಿ ಯಾರೂ ಇಷ್ಟು ಸುತ್ತಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ಇದು ಇನ್ನೂ ವಿಪರೀತ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಬಂತು, ಸೆಪ್ಟೆಂಬರ್ 9ರಿಂದ ಮಗಳಿಗೂ ಪಿತ್ರಾರ್ಜಿತದಲ್ಲಿ ಮಗನಷ್ಟೇ ಹಕ್ಕು. ಆ ದಿನ ತಂದೆ ಬದುಕಿರಲೇಬೇಕು ಅಂತಿಲ್ಲ ಅಂತ ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ರಿಜಿಸ್ಟರ್ ಆದ ವಿಭಾಗ ಪತ್ರ ಅಥವಾ ಕೋರ್ಟಿನ ಡಿಕ್ರಿ ಇದ್ದರೆ ಮಾತು ಬೇರೆ. ಇಷ್ಟೆಲ್ಲ ಇದ್ದೂ ಎಷ್ಟೋ ಅಕ್ಕತಂಗಿಯರು ಸುಮ್ಮನೆ ಖುಲಾಸೆ ಬರೆದುಕೊಡ್ತಾರೆ. "ಅರಿಶಿನ ಕುಂಕುಮದ ಬಾಬ್ತು" ಅಂತ ಕೈಗಿಟ್ಟಿದ್ದನ್ನ ಎಣಿಸೋದೂ ಇಲ್ಲ. ತವರಿನ ಬಾಗಿಲು ತೆರೆದಿರಲಿ ಅನ್ನೋದು ಅದರ ಬೆಲೆ. ಸೈನ್ ಆದ ಮುಂದಿನ ವರ್ಷ ಬಾಗಿನ ಬರಲ್ಲ ನೋಡಿ, ಆಗ ಶುರುವಾಗುತ್ತೆ.

ಕೋಲಾರ, ತುಮಕೂರು ಕಡೆಯೋರಿಗೆ ಹಗೇವು ಗೊತ್ತಿರುತ್ತೆ. ನೆಲದಡಿ ತೋಡಿದ ಗುಂಡಿ, ಒಳಗೆ ಹುಲ್ಲು ಹಾಸಿ ರಾಗಿ ತುಂಬಿ ಬಾಯಿ ಮುಚ್ಚಿ ಮೇಲೆ ಮಣ್ಣು ಮೆತ್ತೋರು. ಗಾಳಿ, ತೇವ ಆಡದಿದ್ದರೆ ರಾಗಿ ವರ್ಷಗಟ್ಟಲೆ ಹುಳ ಹಿಡಿಯಲ್ಲ. ಹಗೆಯೂ ಹಾಗೇ, ಮುಚ್ಚಿಟ್ಟಷ್ಟು ಕೆಡಲ್ಲ. ಆದರೆ ಹಗೇವಿನ ಬಾಯಿ ತೆಗೆದ ತಕ್ಷಣ ಯಾರೂ ಇಳಿಯಲ್ಲ, ಒಳಗೆ ಕೆಟ್ಟ ಗಾಳಿ ನಿಂತಿರುತ್ತೆ, ಇಳಿದವನು ಮೇಲೆ ಬರಲ್ಲ. ಬಾಯಿ ತೆರೆದಿಟ್ಟು ಗಾಳಿಯಾಡಲು ಬಿಟ್ಟು, ಆಮೇಲೆ ದೀಪ ಇಳಿಸಿ ನೋಡ್ತಾರೆ. ದೀಪ ಆರಿದರೆ ಇನ್ನೂ ಕಾಯಬೇಕು. ರಾಜಿ ಮಾಡಿಸೋಕೆ ಬರೋ ಚಿಕ್ಕಪ್ಪ, ಸೋದರಮಾವಂದಿರು ದೀಪದ ಗೊಡವೆಗೆ ಹೋಗಲ್ಲ. ಬಾಯಿ ತೆಗೆದು ನೇರ ಧುಮುಕ್ತಾರೆ, "ಆಗಿದ್ದು ಆಯ್ತು, ಇಬ್ರೂ ಕೈ ಹಿಡ್ಕೊಳ್ಳಿ, ಫೋಟೋ ತೆಗೀತೀನಿ" ಅಂತಾರೆ. ಆ ಫೋಟೋ ಫ್ಯಾಮಿಲಿ ಗ್ರೂಪಿನಲ್ಲಿ ಬರುತ್ತೆ, ಕೆಳಗೆ ಎಂಟು ಕೈಮುಗಿಯೋ ಎಮೋಜಿ. ಥೂ.

ದೀಪ ಇಳಿಸೋದು ಅಂದ್ರೆ ಎದುರುಬದುರು ಕೂರಿಸೋ ಮೊದಲು ಒಬ್ಬೊಬ್ಬರನ್ನೇ ಬೇರೆ ಕೋಣೆಯಲ್ಲಿ ಕೇಳೋದು. "ಅವರು ಎಂಥೋರು" ಅಂತ ಕೇಳಿದರೆ ಪುರಾಣ ಬರುತ್ತೆ. "ಅವತ್ತು ಏನಾಯ್ತು, ಯಾರ್‍ಯಾರಿದ್ದರು, ನೀವು ಎಲ್ಲಿ ನಿಂತಿದ್ರಿ" ಅಂತ ಕೇಳಬೇಕು. ಹೇಳಿ ಹೇಳಿ ಬೆಳೆದ ಕಥೆ ಇಲ್ಲಿ ತಾನಾಗೇ ಸ್ವಲ್ಪ ಇಳಿಯುತ್ತೆ. ಎಲ್ಲ ಕೊರಗೂ ಅಪ್ಪಟ ನಿಜ ಅಂತ ನಾನು ಹೇಳ್ತಿಲ್ಲ. ಸುಳ್ಳಾಗಿದ್ದರೂ ಹತ್ತು ವರ್ಷ ಹೊತ್ತವರ ಬೆನ್ನು ನೋಯುತ್ತೆ, ಅದನ್ನೂ ಕೇಳಲೇಬೇಕು.

ಇನ್ನು ಕ್ಷಮೆ. "ನಿನಗೆ ಬೇಜಾರಾಗಿದ್ರೆ ಸಾರಿ" ಅಂತಾರಲ್ಲ, ಆ "ದ್ರೆ" ಅನ್ನೋ ಒಂದಕ್ಷರ ಎಲ್ಲ ಹಾಳು ಮಾಡುತ್ತೆ. ಮಾಡಿದ್ದನ್ನ ಹೆಸರು ಹಿಡಿದು ಹೇಳಬೇಕು: "ಎಲೆ ಮುಂದಿಂದ ಮಗೂನ ಎಬ್ಬಿಸಿದಾಗ ನಾನು ತಡೀಲಿಲ್ಲ, ತಪ್ಪಾಯ್ತು." ಅದರ ಬೆನ್ನಿಗೆ "ಆದ್ರೆ ನೀನೂ..." ಬಂದರೆ ಮೊದಲಿಂದ ಶುರು ಮಾಡಬೇಕು. ಹತ್ತು ಜನರ ಮುಂದೆ ಆದ ಅವಮಾನಕ್ಕೆ ರಾತ್ರಿ ಹನ್ನೊಂದಕ್ಕೆ ವಾಟ್ಸಾಪ್ ಮೆಸೇಜು ಸಾಲಲ್ಲ, ಆ ಹತ್ತರಲ್ಲಿ ಇಬ್ಬರಾದರೂ ಎದುರಿಗಿರಬೇಕು. ಆಮೇಲೇ ರಾಜಿ ಪತ್ರದ ಕರಡು. ಮೊದಲು ಕರಡು, ಆಮೇಲೆ ಮಾತು ಅಂತ ಹೊರಟರೆ ಸೈನ್ ಹಾಕೋ ದಿನ ಒಬ್ಬರಿಗೆ ಜ್ವರ ಬರುತ್ತೆ. ಖಂಡಿತ ಬರುತ್ತೆ!

ಕೋರ್ಟಿನ ಕಾಗದದಲ್ಲಿ "ತಪ್ಪಾಯ್ತು" ಅಂದರೆ ಅದು ಒಪ್ಪಿಗೆಯಾಗಿ ತಿರುಗಿ ಬರುತ್ತೆ, ವಕೀಲರು ಬಾಯಿ ಮುಚ್ಚಿಸೋದು ಅದಕ್ಕೇ. ನ್ಯಾಯದೇಗುಲ ಕಟ್ಟಡದಲ್ಲಿರೋ ಬೆಂಗಳೂರು ಮಧ್ಯಸ್ಥಿಕಾ ಕೇಂದ್ರ 2007ರಿಂದ ಈ ಕೆಲಸ ಮಾಡ್ತಿದೆ. ಕೋರ್ಟು ಕಳಿಸಿದ ಕೇಸಿಗೆ ಅಲ್ಲಿ ಶುಲ್ಕವಿಲ್ಲ, ಅಲ್ಲಿ ಆಡಿದ್ದನ್ನ ಕೋರ್ಟಿನಲ್ಲಿ ಸಾಕ್ಷಿಯಾಗಿ ಬಳಸೋ ಹಾಗಿಲ್ಲ. ಎಷ್ಟೋ ಅಣ್ಣಂದಿರ ಬಾಯಲ್ಲಿ ಆ ಮಾತು ಹೊರಡೋದು ಈ ಧೈರ್ಯದಿಂದ.

ಉಪದೇಶ ಮಾಡ್ತಿದ್ದೀನಿ ಅನ್ಕೋಬೇಡಿ. ನನ್ನ ಹಗೇವೂ ಖಾಲಿ ಇಲ್ಲ, ಅದಕ್ಕೇ ಬೆಳಿಗ್ಗೆಯಿಂದ ಇಷ್ಟು ಉರೀತಿದೆ.

ಆ ತಂಗಿ ಸೈನ್ ಹಾಕಿದರು. ಫೋಟೋ, ಹೆಬ್ಬೆಟ್ಟು, ಎಲ್ಲ ಸೇರಿ ಐದು ನಿಮಿಷ. ಊಟಕ್ಕೆ ಮಾತ್ರ ಹೋಗಲಿಲ್ಲ, ಆಟೋ ಹತ್ತಿದರು. ಅಣ್ಣನವರು ಇದನ್ನ ಓದ್ತಿದ್ದರೆ ಒಂದು ಮಾತು: ಗೌರಿ ಹಬ್ಬದ ಹೊತ್ತಿಗೆ ಗಾಂಧಿಬಜಾರಿನಲ್ಲಿ ಜೋಡಿ ಮೊರ ಸಿಗುತ್ತೆ. ಬಳೆ, ಬಿಚ್ಚೋಲೆ, ರವಿಕೆ ಕಣ ಎಲ್ಲ ಅಲ್ಲೇ ಪಕ್ಕದಲ್ಲಿ. ಕೊರಿಯರ್ ಮಾಡಬೇಡಿ, ನೀವೇ ತಗೊಂಡು ಹೋಗಿ. ಅತ್ತಿಗೆಯವರನ್ನೂ ಕರ್ಕೊಂಡು.